ಉಪ್ಪುನೀರಿನ ಅಕ್ವೇರಿಯಂನಲ್ಲಿ ನೀರು ಇಳಿದರೆ ಮತ್ತೆ ಉಪ್ಪುನೀರನ್ನೇ ಹಾಕಬೇಕಾ?

ಬೇಡ, ಸಿಹಿನೀರು ಹಾಕಿ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ ಅಲ್ವಾ? ಮತ್ತೆ ಉಪ್ಪುನೀರು ಸುರಿದರೆ ಉಪ್ಪಿನಂಶ ಏರುತ್ತಲೇ ಹೋಗುತ್ತದೆ. ಹೊಸಬರು ಎಡವುವುದು ಇಲ್ಲೇ.

ನೀರಿನ ಮಟ್ಟಕ್ಕೆ ಸರಿಯಾಗಿ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಡಿ. ದಿನಾ ಬೆಳಗ್ಗೆ ಗೆರೆ ಮುಟ್ಟುವಷ್ಟು ಆರ್‌ಓ ನೀರು ಹಾಕಿದರೆ ಸಾಕು. ನಲ್ಲಿ ನೀರಾದರೆ ಪಾಚಿ ಜಾಸ್ತಿ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025ರ ಆಸುಪಾಸು ಇರಬೇಕು.

ನೀರು ಬದಲಿಸುವಾಗ ಮಾತ್ರ ಉಪ್ಪುನೀರು: ಲೀಟರಿಗೆ ಸುಮಾರು 35 ಗ್ರಾಂ ಮರೈನ್ ಸಾಲ್ಟ್ (ಅಕ್ವೇರಿಯಂಗೆಂದೇ ಸಿಗುವ ಸಮುದ್ರದ ಉಪ್ಪಿನ ಮಿಶ್ರಣ). ಅಡುಗೆ ಉಪ್ಪು ನಡೆಯುವುದಿಲ್ಲ, ಸಾರಿಗೆ ಮಾತ್ರ ಸರಿ!

ಅಂದಹಾಗೆ, ಹೊಸ ತೊಟ್ಟಿಗೆ ಸುಮ್ನೆ ಅವಸರದಲ್ಲಿ ಮೀನು ಬಿಡಬೇಡಿ. ಮೀನಿಗೆ ವಿಷವಾಗುವ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ಸಾಮಾನ್ಯವಾಗಿ 4–6 ವಾರ ಹಿಡಿಯುತ್ತದೆ. ಆಮೇಲೆ ಸಾಕಣೆಯಲ್ಲೇ ಹುಟ್ಟಿದ ಒಂದು ಜೋಡಿ ಕ್ಲೌನ್‌ಫಿಶ್ ತನ್ನಿ.