ಮತ್ಸ್ಯ 6000 ಇದ್ದ ಮೇಲೂ ಆಳ ಸಮುದ್ರದ ಮಾಹಿತಿಯನ್ನು ಬೇರೆ ದೇಶಗಳಿಗೆ ಯಾಕೆ ಕೊಡಬೇಕು?

ನೀವು ಕೇಳಿದ್ದು ಇಷ್ಟು: ಮೂವರನ್ನು 6000 ಮೀಟರ್ ಆಳಕ್ಕೆ ಇಳಿಸುವ ಜಲಾಂತರ್ಗಾಮಿ ನೌಕೆ ಮತ್ಸ್ಯ 6000 ನಮ್ಮಲ್ಲೇ ತಯಾರಾಗುತ್ತಿದೆ, ಹಿಂದೂ ಮಹಾಸಾಗರದ ತಳದಲ್ಲಿ ನಮಗೆ ಜಾಗವೂ ಸಿಕ್ಕಿದೆ, ಹಾಗಿದ್ದ ಮೇಲೆ ಅಲ್ಲಿ ಸಿಗುವ ಮಾಹಿತಿಯನ್ನು ಬೇರೆಯವರಿಗೆ ಯಾಕೆ ಕೊಡಬೇಕು?

ನಾನು ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಿದವಳು. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೊಡಲೇಬೇಕು ಅನ್ನುವುದು ನನ್ನ ಉತ್ತರ. ಅದಕ್ಕೆ ಮೊದಲು ಒಂದು ಬಸವನಹುಳುವಿನ ಕತೆ ಹೇಳುತ್ತೇನೆ, ಕೇಳಿ.

ಮಾರಿಷಸ್‌ನಿಂದ ಪೂರ್ವಕ್ಕೆ, ಸುಮಾರು 2400 ಮೀಟರ್ ಆಳದಲ್ಲಿ ಕೈರೇ ಅನ್ನುವ ಬಿಸಿನೀರ ಬುಗ್ಗೆಗಳ ಜಾಗ ಇದೆ. 2000ದಲ್ಲಿ ಜಪಾನಿನವರು ಅದನ್ನು ಕಂಡುಹಿಡಿದರು. ಮರುವರ್ಷ ಅಮೆರಿಕದ ತಂಡ ಅಲ್ಲಿಗೆ ಹೋದಾಗ ಯಾರೂ ಕಂಡಿರದ ಬಸವನಹುಳು ಸಿಕ್ಕಿತು. ಕಾಲಿನ ತುಂಬ ಮೀನಿನ ಹಾಗೆ ಹುರುಪೆ. ಆ ಹುರುಪೆಯ ಮೇಲೆ ಕಬ್ಬಿಣ ಮತ್ತು ಗಂಧಕ ಕೂಡಿದ ಕಪ್ಪು ಲೇಪ. ಮೈಮೇಲೆ ಕಬ್ಬಿಣದ ಕವಚ ತೊಟ್ಟ ಪ್ರಾಣಿ! ಅದು ಬಾಯಿಯಿಂದ ತಿಂದು ಬದುಕುವುದೂ ಅಲ್ಲ. ಅನ್ನನಾಳದ ಒಂದು ಗ್ರಂಥಿಯಲ್ಲಿ ಇಟ್ಟುಕೊಂಡ ಬ್ಯಾಕ್ಟೀರಿಯಾಗಳೇ ಅದಕ್ಕೆ ಊಟ ಒದಗಿಸುತ್ತವೆ.

ಆಮೇಲೆ 2007ರಲ್ಲಿ ಚೀನಾದವರಿಗೆ ನೈರುತ್ಯ ದಿಕ್ಕಿನಲ್ಲಿ ಲಾಂಗ್ಚಿ ಅನ್ನುವ ಇನ್ನೊಂದು ಜಾಗ ಸಿಕ್ಕಿತು. 2011ರಲ್ಲಿ ಬ್ರಿಟನ್ನಿನ ಹಡಗು ಅಲ್ಲಿಗೆ ಹೋಯಿತು. ಅಲ್ಲೂ ಅದೇ ಹುಳು. ಈ ನಡುವೆ 2009ರಲ್ಲಿ ಜಪಾನಿನವರು ಸಾಲಿಟೇರ್ ಅನ್ನುವ ಮೂರನೇ ಜಾಗ ಕಂಡರು. ಅಲ್ಲಿನ ಹುಳುಗಳಿಗೆ ಕಬ್ಬಿಣದ ಲೇಪವೇ ಇಲ್ಲ, ಬೆಳ್ಳಗಿವೆ! ಒಂದೇ ದೇಶದವರು ಒಂದೇ ಜಾಗ ನೋಡಿ ಸುಮ್ನೆ ಕೂತಿದ್ದರೆ ಕಬ್ಬಿಣ ಇಲ್ಲದೆಯೂ ಈ ಹುಳು ಬದುಕುತ್ತದೆ ಅಂತ ಗೊತ್ತಾಗುತ್ತಲೇ ಇರಲಿಲ್ಲ.

ಮೂರೂ ಕಡೆಯ ಮಾಹಿತಿ ಒಟ್ಟಿಗೆ ಸೇರಿದ ಮೇಲೆ ಈ ಹುಳುವಿನ ನೆಲೆ ಎಷ್ಟು ಚಿಕ್ಕದು ಅನ್ನುವುದು ಕಣ್ಣಿಗೆ ಬಿತ್ತು. ಇಡೀ ಲಾಂಗ್ಚಿ ಒಂದು ಕ್ರೀಡಾಂಗಣದಷ್ಟು ಜಾಗ. ಕೈರೇ ಇರುವುದು ಜರ್ಮನಿ ಖನಿಜ ಹುಡುಕಲು ಪಡೆದ ವಲಯದಲ್ಲಿ, ಲಾಂಗ್ಚಿ ಇರುವುದು ಚೀನಾ ಪಡೆದ ವಲಯದಲ್ಲಿ. ಸಾಲಿಟೇರ್ ಮಾರಿಷಸ್‌ನ ಪಾಲಿನ ಸಮುದ್ರದಲ್ಲಿದೆ. ಹೀಗಿರುವಾಗ ಈ ಹುಳುವನ್ನು ಯಾವ ದೇಶ ಒಂಟಿಯಾಗಿ ಉಳಿಸೀತು ಹೇಳಿ? 2019ರಲ್ಲಿ ಅದು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿತು. ಆಳ ಸಮುದ್ರದ ಗಣಿಗಾರಿಕೆಯ ಭಯದಿಂದ ಆ ಪಟ್ಟಿ ಸೇರಿದ ಮೊದಲ ಪ್ರಾಣಿ ಇದೇ. ಕೆಂಪು ಪಟ್ಟಿಗೆ ಕಾನೂನಿನ ಬಲ ಇಲ್ಲ, ನಿಜ. ಆದರೆ ಆಮೇಲೆ 'ಅಲ್ಲಿ ಏನೂ ಇಲ್ಲ' ಅಂತ ಯಾರೂ ಹೇಳುವ ಹಾಗಿಲ್ಲ. ನಮಗೂ ಇದು ದೂರದ ವಿಷಯ ಅಲ್ಲ. ಇದೇ ಸಾಗರದ ಪರ್ವತಸಾಲುಗಳಲ್ಲಿ ಗಂಧಕ ಬೆರೆತ ಲೋಹದ ಅದಿರು ಹುಡುಕಲು 10,000 ಚದರ ಕಿಲೋಮೀಟರ್ ಜಾಗಕ್ಕೆ ಭಾರತ 2016ರಲ್ಲಿ ಒಪ್ಪಂದ ಮಾಡಿಕೊಂಡಿದೆ.

'ನಮಗೆ ಜಾಗ ಸಿಕ್ಕಿದೆ' ಅಂದಿರಲ್ಲ, ಅದನ್ನು ಸ್ವಲ್ಪ ತಿದ್ದಬೇಕು. ಜಾಗ ನಮ್ಮದಾಗಿಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರ ಹುಡುಕುವ ಹಕ್ಕನ್ನು ಮಾತ್ರ ಕೊಟ್ಟಿದೆ. ಯಾವ ದೇಶಕ್ಕೂ ಸೇರದ ಸಾಗರತಳ ಇಡೀ ಮನುಕುಲದ ಸೊತ್ತು ಅನ್ನುವುದು ಕಾನೂನು. ಮಧ್ಯ ಹಿಂದೂ ಮಹಾಸಾಗರದಲ್ಲಿ ಆಲೂಗಡ್ಡೆ ಗಾತ್ರದ ಮ್ಯಾಂಗನೀಸ್ ಗಂಟುಗಳಿಗಾಗಿ ನಮಗಿರುವ 75,000 ಚದರ ಕಿಲೋಮೀಟರಿಗೂ ಇದೇ ಮಾತು. ಗಂಟುಗಳಲ್ಲಿ ಲೋಹ ಎಷ್ಟಿದೆ ಅನ್ನುವ ಲೆಕ್ಕ ಗುಟ್ಟಾಗಿ ಇರಬಹುದು. ಜೀವಿಗಳ ಮಾಹಿತಿ, ಪರಿಸರದ ಮಾಹಿತಿ ಗುಟ್ಟಲ್ಲ. ಪ್ರಾಧಿಕಾರದ ನಿಯಮವೇ ಹಾಗಿದೆ. ನನಗೆ ಇದು ಸರಿ ಅನ್ನಿಸುತ್ತದೆ.

ಆ ಗಂಟುಗಳ ವಿಷಯಕ್ಕೆ ಬರುತ್ತೇನೆ. 1989ರಲ್ಲಿ ಜರ್ಮನಿಯವರು ಪೆರು ದೇಶದ ಆಚೆ, 4100 ಮೀಟರಿಗಿಂತ ಜಾಸ್ತಿ ಆಳದಲ್ಲಿ, ಅಂಥದೇ ಗಂಟುಗಳಿರುವ ಸಾಗರತಳವನ್ನು ನಿಜಕ್ಕೂ ಉತ್ತರು. ಎಂಟು ಮೀಟರ್ ಅಗಲದ ನೇಗಿಲನ್ನು 78 ಸಲ ಎಳೆದರು. ಗಣಿಗಾರಿಕೆ ಮಾಡಿದರೆ ಏನಾಗಬಹುದು ಅಂತ ನೋಡುವುದಕ್ಕೆ ಮಾಡಿದ ಪ್ರಯೋಗ ಅದು. 26 ವರ್ಷ ಆದ ಮೇಲೆ, 2015ರಲ್ಲಿ, ಯುರೋಪಿನ ಹಲವು ದೇಶಗಳ ವಿಜ್ಞಾನಿಗಳು ಮತ್ತೆ ಅಲ್ಲಿಗೆ ಹೋದರು. ನಮ್ಮ ಹೊಲದ ನೇಗಿಲ ಸಾಲು ನಾಲ್ಕು ಮಳೆಗೆ ಕರಗುತ್ತದೆ, ಅಲ್ವಾ? ಅಲ್ಲಿನ ಸಾಲುಗಳು ನಿನ್ನೆ ಉತ್ತ ಹಾಗೆ ಇದ್ದವು. ಮಣ್ಣು ಕಿತ್ತುಹೋದ ಕಡೆ ಸೂಕ್ಷ್ಮಜೀವಿಗಳ ಚಟುವಟಿಕೆ ಕಾಲುಭಾಗದವರೆಗೂ ಇಳಿದಿತ್ತು. ಅದೇ ಕಡಲತಳದಲ್ಲಿ ಇನ್ನೊಂದು ವಿಷಯವೂ ಗೊತ್ತಾಯಿತು. ಗಂಟುಗಳಿಗೆ ಅಂಟಿಕೊಂಡು ಬೆಳೆದು ಸತ್ತ ಸ್ಪಂಜಿನ ಕಾಂಡಗಳ ಮೇಲೆ ಆಕ್ಟೋಪಸ್‌ಗಳು ಮೊಟ್ಟೆ ಇಟ್ಟು ಕಾವಲು ಕೂತಿದ್ದವು. ಗಂಟು ತೆಗೆದರೆ ಸ್ಪಂಜಿಲ್ಲ, ಸ್ಪಂಜಿಲ್ಲದೆ ಮೊಟ್ಟೆಗೆ ಜಾಗ ಇಲ್ಲ. ಗಂಟು ಮತ್ತೆ ಬೆಳೆಯಲಿ ಅಂದರೆ, ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್ ಅಷ್ಟೇ.

26 ವರ್ಷ ಅಂದರೆ ಒಬ್ಬ ವಿಜ್ಞಾನಿಯ ಇಡೀ ವೃತ್ತಿಜೀವನ. ಅವರು ಹಳೆಯ ಅಳತೆಗಳನ್ನು ಬಚ್ಚಿಟ್ಟಿದ್ದರೆ ಹೊಸಬರು ಯಾವುದಕ್ಕೆ ಹೋಲಿಸಿ ನೋಡಬೇಕಿತ್ತು?

ಆದರೆ ಈ ಸಹಕಾರ ಇನ್ನೂ ಸಮ ಆಗಿಲ್ಲ, ಅದು ನನಗೆ ನೋವಿನ ವಿಷಯ. ಆಳ ಸಮುದ್ರದ ತಳವನ್ನು ಕಣ್ಣಾರೆ ನೋಡಲು ಈವರೆಗೆ ನಡೆದ ಇಳಿತಗಳಲ್ಲಿ ಶೇಕಡಾ 97ರಷ್ಟು ಐದೇ ದೇಶಗಳವು ಅಂತ 2025ರ ಒಂದು ಅಧ್ಯಯನ ಲೆಕ್ಕ ಹಾಕಿದೆ: ಅಮೆರಿಕ, ಜಪಾನ್, ನ್ಯೂಜಿಲೆಂಡ್, ಫ್ರಾನ್ಸ್, ಜರ್ಮನಿ. ಅದಕ್ಕೇ ಮತ್ಸ್ಯ 6000 ಬೇಕು ಅಂತ ನಾನೂ ಹೇಳುತ್ತೇನೆ. ಅದರ ತಯಾರಿಗೂ ನಾವು ಹೊರಗಿನವರ ಸಹಾಯ ಪಡೆದಿದ್ದೇವೆ. 2025ರ ಆಗಸ್ಟ್‌ನಲ್ಲಿ ನಮ್ಮ ಇಬ್ಬರು ಫ್ರಾನ್ಸಿನ ನಾಟೀಲ್ ಜಲಾಂತರ್ಗಾಮಿ ನೌಕೆಯಲ್ಲಿ ಅಟ್ಲಾಂಟಿಕ್‌ಗೆ ಇಳಿದರು. ಒಬ್ಬರು 4025 ಮೀಟರ್, ಇನ್ನೊಬ್ಬರು 5002 ಮೀಟರ್.

ಇನ್ನೊಂದು ವಿಷಯ. 1997ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ರಷ್ಯಾದ ಹಡಗಿನಲ್ಲಿ ಹೋಗಿ, ಮಧ್ಯ ಹಿಂದೂ ಮಹಾಸಾಗರದ ತಳವನ್ನು ಬೇಕಂತಲೇ ಕದಡಿ, ಮುಂದೇನಾಗುತ್ತದೆ ಅಂತ ಅಳೆದಿದ್ದರು. ಆ ಜಾಗ ಮತ್ಸ್ಯ 6000 ಇಳಿಯಬಲ್ಲ ಆಳದಲ್ಲೇ ಇದೆ. ನಮ್ಮವರು ಅಲ್ಲಿಗೆ ಇಳಿದು ಆ ಗಾಯ ಈಗ ಹೇಗಿದೆ ಅಂತ ನೋಡಬೇಕು, ಆ ಅಳತೆಗಳನ್ನು ಪೆರುವಿನ ಅಳತೆಗಳ ಪಕ್ಕ ಇಡಬೇಕು. ಆ ವರದಿಯನ್ನು ನನ್ನ ವಿದ್ಯಾರ್ಥಿಗಳ ಜೊತೆ ಕೂತು ಓದುವ ದಿನಕ್ಕೆ ನಾನು ಕಾಯುತ್ತಿದ್ದೇನೆ.