'ನಾ ನಿನ್ನ ಬಿಡಲಾರೆ' ತೆಗೆದವರೇ 'ಗಂಧದ ಗುಡಿ' ತೆಗೆದರಾ?

ಹೌದು, ಎರಡೂ ಸಿನಿಮಾಗಳ ನಿರ್ದೇಶಕರು ಒಬ್ಬರೇ. ಟೈಟಲ್‌ನಲ್ಲಿ ಬರೀ 'ವಿಜಯ್' ಅಂತ ಬರುವುದರಿಂದ ನಿಮ್ಮ ಹಾಗೆ ತುಂಬಾ ಜನರಿಗೆ ಅನುಮಾನ ಬರುತ್ತೆ. ಪೂರ್ತಿ ಹೆಸರು ವಿಜಯ್ ರೆಡ್ಡಿ.

ಬಿ. ವಿಠಲಾಚಾರ್ಯರ ಹತ್ತಿರ ಸಹಾಯಕರಾಗಿ ಕೆಲಸ ಕಲಿತವರು ಇವರು. ಮಾಯ, ಮಂತ್ರ, ಪಿಶಾಚಿಗಳ ಸಿನಿಮಾಗೇ ಹೆಸರಾದ ಗುರು! ಆದರೂ ಶಿಷ್ಯ ಮೊದಲು ಹೆಸರು ಮಾಡಿದ್ದು ಬೇರೆ ದಾರಿಯಲ್ಲಿ: 1973ರಲ್ಲಿ 'ಗಂಧದ ಗುಡಿ', 1975ರಲ್ಲಿ 'ಮಯೂರ', 1977ರಲ್ಲಿ 'ಸನಾದಿ ಅಪ್ಪಣ್ಣ'. ಮೂರರಲ್ಲೂ ರಾಜ್‌ಕುಮಾರ್. ದೆವ್ವದ ಕಥೆಗೆ ಕೈ ಹಾಕಿದ್ದು 1979ರಲ್ಲಿ, 'ನಾ ನಿನ್ನ ಬಿಡಲಾರೆ' ಸಿನಿಮಾದಲ್ಲಿ.

ಈ ಸಿನಿಮಾ ಇವತ್ತಿಗೂ ಹೆದರಿಸುವುದಕ್ಕೆ ಕಾರಣ ನನ್ನ ಪ್ರಕಾರ ಅನಂತ್ ನಾಗ್. ಹೆಣ್ಣು ದೆವ್ವ ಹೊಕ್ಕುವುದು ಗಂಡನ ಮೈಗೆ, ಹೆಂಡತಿಗಲ್ಲ. ಪಕ್ಕದಲ್ಲಿ ಮಲಗಿದ ಗಂಡನೇ ಪರಕೀಯನಾದರೆ ಹೆಂಡತಿ ಏನು ಮಾಡಬೇಕು? ಲಕ್ಷ್ಮಿಯವರ ಮುಖದಲ್ಲಿ ಆ ದಿಗಿಲು ಚೆನ್ನಾಗಿ ಕಾಣುತ್ತೆ. ಕೊನೆಗೆ ಕಾಪಾಡುವುದು ರಾಯರ ಮೇಲಿನ ಭಕ್ತಿ. ಭಯದ ಜೊತೆ ಭಕ್ತಿ ಬೆರೆಸಿದ್ದರಿಂದಲೇ ಮನೆಮಂದಿಯೆಲ್ಲ ಕೂತು ನೋಡಿದರು ಅನಿಸುತ್ತೆ. (ನಾನು ನೋಡಿದ್ದು ಅಜ್ಜಿಯ ಸೆರಗಿನ ಹಿಂದಿನಿಂದ, ಅರ್ಧ ಕಣ್ಣು ಮುಚ್ಚಿಕೊಂಡು!)

ಇದನ್ನೇ ವಿಜಯ್ ರೆಡ್ಡಿ 1981ರಲ್ಲಿ ಹಿಂದಿಯಲ್ಲಿ 'ಮಂಗಳಸೂತ್ರ' ಅಂತ ಮಾಡಿದರು. ಅಲ್ಲೂ ಅನಂತ್ ನಾಗ್, ಜೊತೆಗೆ ರೇಖಾ. 1985ರ 'ತೇರಿ ಮೆಹರ್ಬಾನಿಯಾ', ಅದೇ ನಾಯಿ ಸೇಡು ತೀರಿಸಿಕೊಳ್ಳುವ ಸಿನಿಮಾ, ಅದೂ ಇವರದ್ದೇ. 2020ರಲ್ಲಿ ಚೆನ್ನೈನಲ್ಲಿ ತೀರಿಕೊಂಡರು.

'ಗಂಧದ ಗುಡಿ' ನೋಡಿದ್ದರೆ, ಮುಂದೆ 'ಸನಾದಿ ಅಪ್ಪಣ್ಣ' ನೋಡಿ.