ಚೀಟಿ ಕೊಟ್ಟರೆ ಚಿಕಿತ್ಸೆ ಸಿಕ್ಕ ಹಾಗಾಯ್ತಾ?

ಪ್ರಶ್ನೆ: ಮೇಡಂ, ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಲೈನ್ ಮನೆಗಳಿಗೆ ಹೋಗಿ ಎಚ್‌ಐವಿ ಟೆಸ್ಟ್ ಮಾಡುವ ತಂಡದಲ್ಲಿ ನಾನಿದ್ದೇನೆ. ಮೀಟಿಂಗ್‌ನಲ್ಲಿ ಎಷ್ಟು ಟೆಸ್ಟ್ ಆಯ್ತು ಅಂತಷ್ಟೇ ಕೇಳುತ್ತಾರೆ. ಸೋಂಕು ಕಂಡವರು ಚಿಕಿತ್ಸೆಗೆ ಸೇರಿದರಾ ಅಂತ ಲೆಕ್ಕ ಇಡೋದು ಹೇಗೆ?
– ಓದುಗರು, ಮೂಡಿಗೆರೆ

ಉತ್ತರ: ಈ ಪ್ರಶ್ನೆಯನ್ನು ಆ ಮೀಟಿಂಗ್‌ನಲ್ಲೂ ಕೇಳಿ, ದಯವಿಟ್ಟು.

ತೋಟದಲ್ಲಿ ಬೆರಳು ಚುಚ್ಚಿ ನೋಡೋದು ಮೊದಲ ಹಂತ ಮಾತ್ರ. ರಿಯಾಕ್ಟಿವ್ ಬಂದರೆ, ಅಂದರೆ ಸೋಂಕಿರಬಹುದು ಅಂತ ಕಂಡರೆ, ಐಸಿಟಿಸಿಯಲ್ಲಿ (ಸರ್ಕಾರದ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಬೇರೆ ಬೇರೆ ಕಿಟ್‌ಗಳಲ್ಲಿ ಮೂರು ಸಲ ನೋಡಿ ಖಚಿತ ಮಾಡಬೇಕು, ಆಮೇಲೆ ಎಆರ್‌ಟಿ ಕೇಂದ್ರದಲ್ಲಿ (ಎಚ್‌ಐವಿಗೆ ಚಿಕಿತ್ಸೆ ಕೊಡುವ ಕಡೆ) ಹೆಸರು ಬರೆಸಿ ಮಾತ್ರೆ ಶುರುವಾಗಬೇಕು. 2017ರಿಂದ ನಮ್ಮಲ್ಲಿ ಸಿಡಿ4 (ರಕ್ತದಲ್ಲಿನ ರೋಗನಿರೋಧಕ ಕಣಗಳ ಲೆಕ್ಕ) ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಉಚಿತವಾಗಿ ಮಾತ್ರೆ ಇದೆ.

ಜನ ಕೈತಪ್ಪೋದು ಈ ಹಂತಗಳ ನಡುವೆ. 10 ಜನಕ್ಕೆ ರಿಯಾಕ್ಟಿವ್ ಬಂತು ಅಂತ ಇಟ್ಟುಕೊಳ್ಳಿ. 6 ಜನ ಐಸಿಟಿಸಿಗೆ ಹೋದರು, ಆರೂ ಜನಕ್ಕೆ ಖಚಿತವಾಯ್ತು, 5 ಜನ ಮಾತ್ರೆ ಶುರು ಮಾಡಿದರು. ಆರರಲ್ಲಿ ಐದು ಅಂತ ಬರೆದರೆ ನೋಡೋಕೆ ಚೆನ್ನಾಗಿರುತ್ತೆ. ಉಳಿದ ನಾಲ್ಕು ಜನ ಎಲ್ಲಿ? ಹತ್ತರಲ್ಲಿ ಐದು ಅಂತಲೇ ಬರೆಯಿರಿ. ಖಚಿತ ಪರೀಕ್ಷೆಯಲ್ಲಿ ಸೋಂಕಿಲ್ಲ ಅಂತ ಬಂದವರನ್ನು ಮಾತ್ರ ಕಳೆಯಬಹುದು. ಮೊದಲೇ ಮಾತ್ರೆ ತಗೊಳ್ಳುತ್ತಿರುವವರು ಹೇಳೋಕೆ ಹೆದರಿ ಮತ್ತೆ ಬೆರಳು ಕೊಡೋದುಂಟು, ಅವರನ್ನು ಹೊಸಬರ ಜೊತೆ ಸೇರಿಸಬೇಡಿ.

ದಿನಾಂಕವನ್ನೂ ಬರೆದಿಡಿ: ರಿಯಾಕ್ಟಿವ್ ಬಂದ ದಿನ, ಖಚಿತವಾದ ದಿನ, ಮೊದಲ ಮಾತ್ರೆಯ ದಿನ. ಖಚಿತವಾದ 7 ದಿನದೊಳಗೆ ಚಿಕಿತ್ಸೆ ಶುರುವಾಗಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಆರು ತಿಂಗಳಿಗೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋದು) ನೋಡಿದಾಗ ಮಾತ್ರೆ ಕೆಲಸ ಮಾಡ್ತಿದೆಯಾ ಅಂತಲೂ ಗೊತ್ತಾಗುತ್ತೆ.

ನಿಮ್ಮ ಕಡೆ ಕಷ್ಟ ಇರೋದು ಕೊಯ್ಲು ಮುಗಿದ ಮೇಲೆ. ಹೊರಗಿನಿಂದ ಬಂದವರು ಗಂಟುಮೂಟೆ ಕಟ್ಟಿ ಹೊರಟುಬಿಡ್ತಾರೆ. ಅವರು ತಮ್ಮೂರಿನ ಕೇಂದ್ರದಲ್ಲಿ ಸೇರಿಕೊಂಡರೂ ಚಿಕಿತ್ಸೆ ಸಿಕ್ಕ ಹಾಗೇ, ಅದನ್ನೂ ಎಣಿಸಿ. ಆದರೆ ಫೋನಿನಲ್ಲಿ ‘ಹೋಗ್ತೀನಿ ಅಕ್ಕ’ ಅಂದದ್ದು ಸಾಲದು, ಆ ಕೇಂದ್ರದವರಿಂದಲೇ ಖಾತ್ರಿ ಮಾಡಿಕೊಳ್ಳಿ. ಆ ವಿಚಾರಣೆ ಐಸಿಟಿಸಿಯ ಆಪ್ತಸಮಾಲೋಚಕರ ಮೂಲಕವೇ ಆಗಲಿ. ಮೇಸ್ತ್ರಿ ಹತ್ತಿರ ಮಾತ್ರ ಕೇಳಲೇಬೇಡಿ. ಒಪ್ಪಿಗೆ ಇಲ್ಲದೆ ಯಾರದೇ ಸೋಂಕಿನ ವಿಷಯ ಬಯಲು ಮಾಡೋದು 2017ರ ಎಚ್‌ಐವಿ ಕಾಯ್ದೆ ಪ್ರಕಾರ ತಪ್ಪು. ಪುಸ್ತಕದಲ್ಲಿ ಹೆಸರಿನ ಬದಲು ಕೋಡ್ ನಂಬರ್ ಇರಲಿ.

ಒಂದು ಸಲ ಒಬ್ಬ ಹೆಂಗಸು ಐಸಿಟಿಸಿಗೆ ಹೋಗೋಕೆ ನಾವು ಬರೆದುಕೊಟ್ಟ ಚೀಟಿಯನ್ನು ಎರಡು ತಿಂಗಳು ಮೊಬೈಲ್ ಕವರಿನ ಹಿಂದೆ ಮಡಚಿ ಇಟ್ಟುಕೊಂಡಿದ್ದರು. ಚಿಕ್ಕಮಗಳೂರಿಗೆ ಹೋಗಿಬರೋಕೆ ಒಂದು ದಿನದ ಕೂಲಿ ಹೋಗುತ್ತೆ, ಯಾಕೆ ರಜೆ ಅಂತ ಕೇಳಿದರೆ ಏನು ಹೇಳಲಿ ಅಂದರು. ನಮ್ಮ ಪುಸ್ತಕದಲ್ಲಿ ಅವರ ಕೋಡ್ ನಂಬರಿನ ಮುಂದೆ ‘ಕಳಿಸಲಾಗಿದೆ’ ಅಂತಿತ್ತು. ಮುಂದಿನ ವಾರ ನಾನೇ ಅವರ ಜೊತೆ ಬಸ್ ಹತ್ತಿದೆ.